ತವರಿನ ಬಿಂದಿಗೆ

ನೆದರ್‌ಕೂಟ್ ಗ್ರಾಮ,
ಹಾರ್ನ್‌ಬರಿ ಅಂಚೆ, ಇಂಗ್ಲೆಂಡ್
೨೦ ಜನವರಿ ೧೯೪೬

ಪೂಜ್ಯ ಮಾವನವರಿಗೆ ರಾಮಾಂಜಿನಪ್ಪನ ನಮಸ್ಕಾರಗಳು.

ಓದುವ ಮೊದಲೇ ಹರಿದು ಹಾಕಬೇಡಿ. ಹಡಗು ಹತ್ತಿ ಹತ್ತು ತಿಂಗಳಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲನೆಯ ಕಾಗದ ಇದು. ಹೊರಡುವ ವಾರ ನಿಮ್ಮ ಜಗಲಿಯ ಮೇಲೆ, ಪಂಚಾಯಿತಿಯವರೆಲ್ಲರ ಎದುರಿಗೆ, ಹೊಸ ಬಾವಿಯ ವಿಷಯದಲ್ಲಿ ನಾನು ಆಡಿದ ಮಾತೂ ನೀವು ಆಡಿದ ಮಾತೂ ನನಗೆ ನೆನಪಿವೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಅವ್ವನಿಗೆ ಬರೆಯುವ ಕಾಗದಗಳನ್ನು ಶ್ಯಾನುಭೋಗ ನರಸಿಂಹಯ್ಯನವರು ಬಂಡೆಪಾಳ್ಯಕ್ಕೆ ಹೋದಾಗ ಓದಿ ಹೇಳುತ್ತಾರೆ. ಆದರೆ ಇಲ್ಲಿ ನಾನು ಕಂಡಿರುವುದನ್ನು ಹೇಳಿಕೊಳ್ಳಲು, ಹದಿನೆಂಟು ವರ್ಷ ಪಂಚಾಯಿತಿ ಚೇರ್ಮನ್ ಆಗಿರುವ ನಿಮ್ಮನ್ನು ಬಿಟ್ಟು ಬೇರೆ ಯಾರಿದ್ದಾರೆ?

ಹಗಲು ಕಾರ್ಖಾನೆಯಲ್ಲಿ ನೀರಿನ ಪಂಪು ಜೋಡಿಸುವ ಕೆಲಸ ಕಲಿಯುತ್ತಿದ್ದೇನೆ. ವಾಸ ಮೂರು ಮೈಲಿ ಆಚೆಯ ಹಳ್ಳಿಯಲ್ಲಿ, ಮಿಸೆಸ್ ಡಾಸನ್ ಎಂಬ ವಿಧವೆಯ ಮನೆಯಲ್ಲಿ. ಅರವತ್ತು ದಾಟಿದೆ. ಕೋಳಿ ಸಾಕುತ್ತಾರೆ, ನಾಲ್ಕು ಮನೆಯ ಬಟ್ಟೆ ಒಗೆಯುತ್ತಾರೆ. ಪ್ರತಿ ತಿಂಗಳು ಎರಡನೆಯ ಮಂಗಳವಾರ ಕರಿಯ ಟೋಪಿ ಹಾಕಿಕೊಂಡು ಬಸ್ಸು ಹತ್ತಿ ಹೋಗುತ್ತಿದ್ದರು. ಯಾರದೋ ಸಮಾಧಿಗೆ ಹೂವಿಡಲು ಹೋಗುತ್ತಾರೆಂದುಕೊಂಡಿದ್ದೆ. ಕೇಳಿದರೆ, ಅವರು ಇಲ್ಲಿನ ರೂರಲ್ ಡಿಸ್ಟ್ರಿಕ್ಟ್ ಕೌನ್ಸಿಲಿನ ಮೆಂಬರಂತೆ!

ಈ ಡಿಸ್ಟ್ರಿಕ್ಟು ನಮ್ಮ ಒಂದು ತಾಲ್ಲೂಕಿನ ಅರ್ಧವೂ ಇಲ್ಲ. ಇಪ್ಪತ್ತೆರಡು ಹಳ್ಳಿ, ಹದಿನಾಲ್ಕು ಸಾವಿರ ಜನ, ಇಪ್ಪತ್ತೊಂಬತ್ತು ಮೆಂಬರುಗಳು. ದೊಡ್ಡ ಹಳ್ಳಿಗೆ ಇಬ್ಬರು ಮೂವರು ಇರಬಹುದು. ಅರವತ್ತೇ ಜನರಿರುವ ಕುಗ್ರಾಮಕ್ಕೂ ಒಬ್ಬರು ಇದ್ದೇ ಇರುತ್ತಾರೆ. ಅದರ ಆಕಾರ ತಿಳಿಯಬೇಕಾದರೆ ಅತ್ತೆ ಮಾಡುವ ಉದ್ದಿನ ವಡೆಯನ್ನು ನೆನೆಸಿಕೊಳ್ಳಿ. ವಡೆ ಅಂದರೆ ಹಳ್ಳಿಗಳು, ನಡುವಿನ ತೂತು ಹಾರ್ನ್‌ಬರಿ ಪಟ್ಟಣ. ಪಟ್ಟಣಕ್ಕೆ ಬೇರೆಯೇ ಮುನಿಸಿಪಾಲಿಟಿ ಇದೆ, ಅದು ಈ ಡಿಸ್ಟ್ರಿಕ್ಟಿಗೆ ಸೇರಿಲ್ಲ. ಆದರೆ ಡಿಸ್ಟ್ರಿಕ್ಟಿನ ಆಫೀಸು ಇರುವುದು ಮಾತ್ರ ಆ ತೂತಿನಲ್ಲೇ. ನೀರು, ಚರಂಡಿ, ಬಡವರಿಗೆ ಮನೆ ಇವೆಲ್ಲ ಇವರ ಕೆಲಸ. ನಮ್ಮ ಅಮಲ್ದಾರರ ಹಾಗೆ ಮೇಲಿನಿಂದ ಬಂದು ಕೂರುವ ಸಾಹೇಬ ಯಾರೂ ಇಲ್ಲ. ದೊಡ್ಡ ಅಧಿಕಾರಿಯೂ ಕೌನ್ಸಿಲಿನ ಸಂಬಳದವನೇ. ಬಟ್ಟೆ ಒಗೆಯುವ ಮಿಸೆಸ್ ಡಾಸನ್ ಪ್ರಶ್ನೆ ಕೇಳಿದರೆ ಅವನು ಎದ್ದು ನಿಂತು ಉತ್ತರ ಕೊಡಬೇಕು.

ಇನ್ನೊಂದು ತಮಾಷೆ. ಮೊನ್ನೆ ಪಕ್ಕದ ಮನೆಯವರು ಒಂದು ಬಟ್ಟಲಲ್ಲಿ ಸಾರು ಕೊಟ್ಟರು. ಬಟ್ಟಲು ತೊಳೆದು, ನನ್ನ ರೇಷನ್ನಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ ವಾಪಸ್ಸು ಕೊಟ್ಟೆ. ಇಬ್ಬರು ಹೆಂಗಸರೂ ಬೆಪ್ಪಾದರು. ಪಾತ್ರೆಯನ್ನು ಬರಿದಾಗಿ ವಾಪಸ್ಸು ಕಳಿಸಿದರೆ ಕೊಟ್ಟ ಮನೆಗೆ ಒಳ್ಳೆಯದಲ್ಲ, ಅವ್ವ ಹಾಗೆ ಕಲಿಸಿದ್ದಾಳೆ ಎಂದು ವಿವರಿಸುವಷ್ಟರಲ್ಲಿ ನನ್ನ ಇಂಗ್ಲಿಷು ಮುಗಿದುಹೋಗಿತ್ತು.

ಅವ್ವ ಹೇಗಿದ್ದಾಳೆ ಎಂದು ಒಂದು ಸಾಲು ಬರೆಯಿರಿ. ಅವಳು ನಿಮಗೆ ಅಕ್ಕನಲ್ಲವೇ?

ನಿಮ್ಮ ಅಳಿಯ,
ರಾಮಾಂಜಿನಪ್ಪ

*

ಹೊಂಗೇನಹಳ್ಳಿ,
ದೊಡ್ಡಬೆಳವಂಗಲ ಹೋಬಳಿ
೧೭ ಫೆಬ್ರವರಿ ೧೯೪೬

ಚಿ. ರಾಮಾಂಜಿನಪ್ಪನಿಗೆ ಆಶೀರ್ವಾದ.

ಕಾಗದ ಹರಿಯಲಿಲ್ಲ. ಒಳ್ಳೆಯ ಬಿಳಿ ಕಾಗದ, ಹಿಂಭಾಗ ಖಾಲಿ ಇತ್ತು. ಬಿತ್ತನೆ ಲೆಕ್ಕ ಬರೆದುಕೊಳ್ಳಬಹುದು ಅಂತ ಇಟ್ಟುಕೊಂಡೆ.

ವಡೆ ವಿಷಯ ಓದಿ ಹೇಳಿದಾಗ ನಿಮ್ಮ ಅತ್ತೆ ಮುನಿಗಂಗಮ್ಮ ಮೂರು ದಿನ ನಕ್ಕಳು. ಆಫೀಸು ತೂತಿನಲ್ಲಿದ್ದರೆ ಅಧಿಕಾರಿಗಳು ವಡೆ ತಿನ್ನುವುದು ಸುಲಭ, ಅದಕ್ಕೇ ಹಾಗೆ ಮಾಡಿಕೊಂಡಿದ್ದಾರೆ ಅಂತ ನನ್ನ ಅಭಿಪ್ರಾಯ. ಒಂದು ಮಾತು ಕೇಳು ಆ ನಿನ್ನ ಮನೆಯೊಡತಿಯನ್ನು: ತಮ್ಮ ಚರಂಡಿ ತಾವೇ ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಜನ, ನಮ್ಮನ್ನು ಯಾಕೆ ನಮ್ಮ ಪಾಡಿಗೆ ಬಿಟ್ಟು ಹೊರಡುವುದಿಲ್ಲ?

ಬಟ್ಟೆ ಒಗೆಯುವ ಹೆಂಗಸು ಮೆಂಬರು ಅಂದೆ. ಇರಲಿ, ಅವರವರ ದೇಶ ಅವರವರ ಪದ್ಧತಿ. ನಮ್ಮ ಪದ್ಧತಿ ನಮಗೆ ಸಾಕು. ಹದಿನೆಂಟು ವರ್ಷದಲ್ಲಿ ನನ್ನ ಜಗಲಿಯ ಮೇಲೆ ಒಂದು ತೀರ್ಮಾನಕ್ಕೂ ಎದುರು ಮಾತು ಬಂದಿಲ್ಲ. ಒಂದು ಸಲ ಬಂತು, ಯಾರಿಂದ ಅಂತ ನಿನಗೇ ಗೊತ್ತು. ನರಸಿಂಹಯ್ಯನವರು ಸಭೆ ಸೇರುವ ಮುಂಚೆಯೇ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಎಂದು ಬರೆದಿಟ್ಟುಕೊಂಡಿರುತ್ತಾರೆ. ಒಂದು ದಿನವೂ ಅವರು ಅದನ್ನು ಹೊಡೆದು ಹಾಕುವ ಹಾಗಾಗಿಲ್ಲ. ನಿನ್ನ ಇಪ್ಪತ್ತೊಂಬತ್ತು ಜನಕ್ಕೆ ಅದು ಸಾಧ್ಯವಾ ಕೇಳು.

ಸರ್ಕಾರ ಮಂಜೂರು ಮಾಡಿದ ಬಾವಿ ಆಂಜನೇಯನ ಗುಡಿಯ ಮುಂದೆಯೇ ಆಗುತ್ತದೆ, ನಿಮ್ಮ ಬಂಡೆಪಾಳ್ಯದಲ್ಲಲ್ಲ. ನಮ್ಮಪ್ಪನ ಹೆಸರು ಕೆತ್ತಿಸಿದ ಕಲ್ಲು ಬಂದಿದೆ. ಗುಡಿ ಗೋಡೆಗೆ ಒರಗಿಸಿಟ್ಟಿದ್ದೇನೆ. ಅವನು ನಿನಗೂ ತಾತ, ಅದನ್ನು ಮರೆಯಬೇಡ.

ನಿನ್ನ ತಾಯಿ ಚೆನ್ನಾಗಿದ್ದಾಳಂತೆ. ಹಾಗೆ ಕೇಳಿದ್ದೇನೆ.

ನಿನ್ನ ಮಾವ,
ವೆಂಕಟರಾಯಪ್ಪ

*

ನೆದರ್‌ಕೂಟ್
೨೪ ಮಾರ್ಚಿ ೧೯೪೬

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಪ್ರಶ್ನೆಯನ್ನು ಮಿಸೆಸ್ ಡಾಸನ್‌ಗೆ ಕೇಳಿದೆ. ಅವರ ಮಗ ಸೈನ್ಯದಲ್ಲಿದ್ದಾನೆ, ಇನ್ನೂ ರಾಂಚಿಯಲ್ಲೇ ಕೂತಿದ್ದಾನೆ. “ನನ್ನನ್ನು ಕೇಳಿದ್ದರೆ ಎಲ್ಲರನ್ನೂ ಎಂದೋ ಮನೆಗೆ ಕರೆಸಿಕೊಳ್ಳುತ್ತಿದ್ದೆ, ನನ್ನನ್ನು ಯಾರೂ ಕೇಳಲಿಲ್ಲ” ಅಂದರು. ನಿಮಗೆ ನಮಸ್ಕಾರ ತಿಳಿಸಿದ್ದಾರೆ.

ಈ ಊರಿನಲ್ಲಿ ಇರುವುದು ಇನ್ನೂರು ಚಿಲ್ಲರೆ ಜನ. ಇಷ್ಟು ಸಣ್ಣ ಊರಿಗೆ ಅದರದೇ ಕೌನ್ಸಿಲು ಇಲ್ಲ. ವರ್ಷಕ್ಕೊಮ್ಮೆ ಮಾರ್ಚಿಯಲ್ಲಿ ಮತದಾರರೆಲ್ಲ ಶಾಲೆಯಲ್ಲಿ ಸೇರುತ್ತಾರೆ, ಊರಿಗೆ ಊರೇ ಪಂಚಾಯಿತಿ. ಹೋದ ಗುರುವಾರ ಹಿಂದಿನ ಬೆಂಚಿನಲ್ಲಿ ಕೂತು ನೋಡಲು ನನ್ನನ್ನೂ ಬಿಟ್ಟರು. ಮಾವ, ನೀವು ನನ್ನ ಪಕ್ಕದಲ್ಲಿ ಇರಬೇಕಿತ್ತು!

ಡಿಸ್ಟ್ರಿಕ್ಟ್ ಕೌನ್ಸಿಲು ಈ ಊರಿಗೆ ಕೊಳಾಯಿ ನೀರು ತರುತ್ತಿದೆ. ಸದ್ಯಕ್ಕೆ ಬೀದಿಯಲ್ಲಿ ಒಂದೇ ನಲ್ಲಿ. ಎಲ್ಲಿ ಹಾಕಬೇಕು? ಚೇರ್ಮನ್ ಒಬ್ಬ ಕರ್ನಲ್, ಊರಿನ ಅರ್ಧ ಜಮೀನು ಅವನದು, ಆರಡಿ ಎತ್ತರ, ಗಿರಿಜಾ ಮೀಸೆ. ಚರ್ಚಿನ ಮುಂದೆ ಹಾಕಿದರೆ ಊರಿಗೆ ಲಕ್ಷಣ ಎಂದ. ಮಿಸೆಸ್ ಡಾಸನ್ ಎದ್ದರು. ಕೆಳಗಿನ ಓಣಿಯ ಎಂಟು ಮನೆಯವರು ಅರ್ಧ ಮೈಲಿಯಿಂದ ಒರತೆಯ ನೀರು ಹೊರುತ್ತಾರೆ, ಚರ್ಚಿನ ಹತ್ತಿರ ಇರುವವರು ಸತ್ತವರು ಮಾತ್ರ, ಅವರಿಗೆ ಬಾಯಾರುವುದಿಲ್ಲ ಎಂದರು. ಎಲ್ಲರೂ ನಕ್ಕರು, ಕರ್ನಲ್ಲನೂ ನಕ್ಕ. ಆಮೇಲೆ ಅವನ ಮನೆಯ ದನ ಕಾಯುವವನೇ ಎದ್ದು, ಕ್ಷಮಿಸಬೇಕು ಸಾರ್, ಡಾಸನಮ್ಮ ಹೇಳಿದ್ದು ಸರಿ ಎಂದ. ಕೈ ಎತ್ತಿಸಿದರು. ಕರ್ನಲ್ ತನ್ನ ವಿರುದ್ಧದ ಕೈಗಳನ್ನು ತಾನೇ ಬೆರಳು ತೋರಿಸಿ ಎಣಿಸಿ, ಗಟ್ಟಿಯಾಗಿ ಹೇಳಿದ: ಇಪ್ಪತ್ತೇಳಕ್ಕೆ ಹದಿನಾಲ್ಕು. ನಲ್ಲಿ ಓಣಿಗೆ.

ಸಭೆ ಮುಗಿದ ಮೇಲೆ ಏನೋ ಆಗುತ್ತದೆ ಅಂತ ಹೆದರಿದ್ದೆ. ಕರ್ನಲ್ ಬಂದು, ಕೊಳವೆಗೆ ತಗ್ಗು ತೋಡುವಾಗ ನನ್ನ ಗಾಡಿ, ಕುದುರೆ ಕಳಿಸುತ್ತೇನೆ ಎಂದು ಮಿಸೆಸ್ ಡಾಸನ್ನರಿಗೆ ಹೇಳಿ ಹೋದ. ಆ ದನ ಕಾಯುವವನು ಮರುದಿನವೂ ಅದೇ ಕೆಲಸಕ್ಕೆ ಹೋದ. ಇಲ್ಲಿ ನಾನು ಕಂಡಿದ್ದರಲ್ಲಿ ದೊಡ್ಡದು ಯಾವುದು ಅಂತ ಕೇಳಿದರೆ, ನಾನು ಇದನ್ನೇ ಹೇಳುತ್ತೇನೆ.

ನಿಮ್ಮ ಅಳಿಯ,
ರಾಮಾಂಜಿನಪ್ಪ

*

ಹೊಂಗೇನಹಳ್ಳಿ
೧೪ ಏಪ್ರಿಲ್ ೧೯೪೬

ರಾಮಾಂಜಿನಪ್ಪನಿಗೆ,

ಅಷ್ಟು ದೂರ ಹೋಗಿ ಕಥೆ ಕಟ್ಟುವುದನ್ನು ಕಲಿತೆಯಾ? ಅಲ್ಲೂ ನೀರಂತೆ, ಅಲ್ಲೂ ಗುಡಿಯ ಮುಂದೆ ಅಂತ ಹೇಳುವ ಚೇರ್ಮನ್ ಅಂತೆ, ಅಲ್ಲೂ ದೂರದಿಂದ ನೀರು ಹೊರುವವರಂತೆ. ನನ್ನ ಕಿವಿಗೆ ಹೂವಿಡಬೇಡ. ಕರ್ನಲ್ಲನಿಗೆ ನನ್ನ ಮೀಸೆ ಇಟ್ಟು ನನ್ನನ್ನೇ ಬರೆದಿದ್ದೀಯೆ.

ಆಳು ಯಜಮಾನನ ಎದುರಿಗೆ ಎದ್ದು ಮಾತಾಡುವುದು, ಯಜಮಾನ ಹಲ್ಲು ಕಿರಿಯುವುದು! ಮರ್ಯಾದೆ ಇಲ್ಲದ ಸಭೆ. ಬಾವಿ ಕೆಲಸ ಮಳೆಗಾಲ ಮುಗಿದ ಮೇಲೆ ಶುರು. ಗುಡಿಯ ಮುಂದೆಯೇ.

ವೆಂಕಟರಾಯಪ್ಪ

*

ನೆದರ್‌ಕೂಟ್
೫ ಮೇ ೧೯೪೬

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಕಥೆ ಕಟ್ಟಲಿಲ್ಲ. ಆ ಸಭೆಯ ಅಚ್ಚಾದ ನೋಟೀಸನ್ನು ಶಾಲೆಯ ಬಾಗಿಲಿನಿಂದ ಕಿತ್ತು ಇದರೊಳಗೆ ಇಟ್ಟಿದ್ದೇನೆ. ಕರ್ನಲ್ಲನ ರುಜು ಕೆಳಗಿದೆ. ನರಸಿಂಹಯ್ಯನವರ ಕೈಯಲ್ಲಿ ಓದಿಸಿ. ಆದರೆ ಅವನನ್ನು ನಿಮಗೆ ಹೋಲಿಸಿಕೊಂಡು ನೋಡಿದ್ದು ನಿಜ. ಹೋಲಿಸಿದಾಗ ನಿಮ್ಮ ಮೇಲಿನ ಗೌರವ ನನಗೆ ಕಡಿಮೆಯಾಗಲಿಲ್ಲ, ಆಸೆ ಹೆಚ್ಚಾಯಿತು.

ಯುದ್ಧದ ಕಾಲದಲ್ಲಿ ನಿಂತುಹೋಗಿದ್ದ ಕೌನ್ಸಿಲ್ ಚುನಾವಣೆ ಈ ಸಲ ಆಯಿತು. ಮಿಸೆಸ್ ಡಾಸನ್ ಹನ್ನೊಂದು ವೋಟಿನಿಂದ ಸೋತರು. ಗೆದ್ದವನು ಒಬ್ಬ ಹಾಲಿನ ವ್ಯಾಪಾರಿ, ಇನ್ನೂ ಹುಡುಗಾಟದ ಮನುಷ್ಯ. ಆ ಸಂಜೆ ಅವರು ಅಡುಗೆಮನೆಯಲ್ಲಿ ಕೂತು ಅತ್ತರು, ನಾನು ನೋಡಿದೆ. ಬೆಳಿಗ್ಗೆ ಎದ್ದು ಕರಿಯ ಟೋಪಿ ಹಾಕಿಕೊಂಡರು. ನೀರಿನ ಯೋಜನೆಯ ಕಾಗದಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿದರು. ಯಾವ ಅಧಿಕಾರಿ ಯಾವ ಮಾತಿಗೆ ಬಗ್ಗುತ್ತಾನೆ ಎಂದು ಆರು ವರ್ಷ ಬರೆದಿಟ್ಟಿದ್ದ ಪುಸ್ತಕವೂ ಅದರಲ್ಲಿತ್ತು. ಚೀಲವನ್ನು ಹಾಲಿನವನ ಮನೆಗೆ ತೆಗೆದುಕೊಂಡು ಹೋಗಿ ಕೊಟ್ಟು ಬಂದರು. ನಿಮಗೆ ಹೊಟ್ಟೆಯುರಿಯಲಿಲ್ಲವೇ ಎಂದೆ. ಉರಿಯುತ್ತಿದೆ, ಆದರೆ ಓಣಿಯವರ ಬಕೆಟ್ಟು ಇನ್ನೂ ಖಾಲಿ ಇದೆಯಲ್ಲ ಎಂದರು.

ಇಂಥವರ ಮನೆಯಲ್ಲಿ ಅನ್ನ ಉಣ್ಣುತ್ತಿರುವುದು ನನ್ನ ಪುಣ್ಯ. ಅನ್ನ ಅಂದರೆ ಇಲ್ಲಿ ಆಲೂಗೆಡ್ಡೆ.

ನಿಮ್ಮ ಅಳಿಯ,
ರಾಮಾಂಜಿನಪ್ಪ

*

ಹೊಂಗೇನಹಳ್ಳಿ
೧೧ ಜೂನ್ ೧೯೪೬

ಚಿ. ರಾಮಾಂಜಿನಪ್ಪನಿಗೆ ಆಶೀರ್ವಾದ.

ನೋಟೀಸು ಬಂತು. ನರಸಿಂಹಯ್ಯನವರು ಎರಡು ಸಲ ಓದಿ ಅರ್ಥ ಹೇಳಿದರು. ನೀನು ಕಟ್ಟಿದ ಕಥೆಯಲ್ಲ ಅಂತ ಒಪ್ಪಿಕೊಂಡೆ. ಆ ಹೆಂಗಸು ಸೋತ ಮೇಲೆ ಕಾಗದ ಕೊಟ್ಟು ಬಂದಳು ಅನ್ನುವುದು ಮಾತ್ರ ನನ್ನ ತಲೆಯಿಂದ ಹೋಗಲೊಲ್ಲದು. ನಾನಾಗಿದ್ದರೆ ಆ ಚೀಲವನ್ನು ಒಲೆಗೆ ಹಾಕುತ್ತಿದ್ದೆ. ನಿಜ ಹೇಳುತ್ತೇನೆ, ಯಾರ ಹತ್ತಿರವೂ ಹೇಳಬೇಡ.

ಸರಿ, ನಾವೇನು ಕಡಿಮೆಯಾ, ಕೈ ಎತ್ತಿಸಿ ನೋಡಿಯೇ ಬಿಡೋಣ ಅಂತ ಹೋದ ಸೋಮವಾರ ಒಂಬತ್ತು ಜನ ಮೆಂಬರುಗಳನ್ನೂ ಜಗಲಿಗೆ ಕರೆಸಿದೆ. ಬಾವಿ ಗುಡಿಯ ಮುಂದೆ ಆಗಲಿ ಅನ್ನೋರು ಕೈ ಎತ್ತಿ ಅಂದೆ. ಒಂಬತ್ತು ಕೈ. ಎದೆ ಉಬ್ಬಿತು. ಆಮೇಲೆ ನ್ಯಾಯವಾಗಿ ಕೇಳಬೇಕಲ್ಲ ಅಂತ, ಬಾವಿ ಬಂಡೆಪಾಳ್ಯದಲ್ಲಿ ಆಗಲಿ ಅನ್ನೋರು ಕೈ ಎತ್ತಿ ಅಂದೆ. ಮತ್ತೆ ಒಂಬತ್ತು ಕೈ! ಪಾಳ್ಯದ ಮೆಂಬರು ಅಪ್ಪಯ್ಯಣ್ಣ ಎರಡು ಸಲವೂ ಎತ್ತಿದ್ದ. ಯಾಕಯ್ಯಾ ಎರಡಕ್ಕೂ ಎತ್ತಿದೆ ಅಂದರೆ, “ಎರಡು ಸಲಾನೂ ತಾವೇ ಎತ್ತಿ ಅಂದ್ರಲ್ಲ ಯಜಮಾನ್ರೆ” ಅಂದ. ನರಸಿಂಹಯ್ಯನವರು ಪುಸ್ತಕದಲ್ಲಿ ಏನು ಬರೆಯುವುದು ಅಂತ ಲೇಖನಿ ಹಿಡಿದುಕೊಂಡೇ ಕೂತಿದ್ದರು.

ಮುನಿಗಂಗಮ್ಮ ಒಳಗಿನಿಂದ ನಗುತ್ತಿದ್ದಳು. ನಾನೂ ನಕ್ಕೆ. ಆಮೇಲೆ ನಗು ನಿಂತುಹೋಯಿತು. ಹದಿನೆಂಟು ವರ್ಷ ಇವರು ನನ್ನ ಮಾತಿಗೆ ಒಪ್ಪಿದ್ದರೋ, ಕೈ ಎತ್ತು ಅಂದಿದ್ದಕ್ಕೆ ಎತ್ತಿದ್ದರೋ? ಅವತ್ತಿನಿಂದ ಇದೇ ಯೋಚನೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಆ ದನ ಕಾಯುವವನಿಗೆ ಬಾಯಿ ಬಂದದ್ದು ಹೇಗೆ? ಅದನ್ನು ಕೇಳಿ ಬರೆ. ಬೇಗ ಬರೆ.

ನಿನ್ನ ಮಾವ,
ವೆಂಕಟರಾಯಪ್ಪ

*

ನೆದರ್‌ಕೂಟ್
೧ ಜುಲೈ ೧೯೪೬

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮಿಸೆಸ್ ಡಾಸನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಹದಿನೆಂಟು ಕೈ ಎತ್ತಿದ ಕಡೆ ಅವರು ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಇಂಥ ಪ್ರಶ್ನೆಯನ್ನು ತನಗೇ ಕೇಳಿಕೊಂಡ ಚೇರ್ಮನ್ನನನ್ನು ನಾನು ಇನ್ನೂ ನೋಡಿಲ್ಲ ಎಂದರು. ಇದನ್ನು ನಾನು ಸೇರಿಸಿ ಬರೆದದ್ದಲ್ಲ.

ದನ ಕಾಯುವವನ ಅಪ್ಪನ ಕಾಲದಲ್ಲಿ ಇಲ್ಲೂ ಯಾರೂ ಬಾಯಿ ಬಿಡುತ್ತಿರಲಿಲ್ಲವಂತೆ. ಸಭೆ ಕರ್ನಲ್ಲನ ಅಪ್ಪನ ಮನೆಯಲ್ಲೇ ಸೇರುತ್ತಿತ್ತಂತೆ. ಅದು ಶಾಲೆಗೆ ಹೋದ ಮೇಲೆ ಜನ ಬೆಂಚಿನ ಮೇಲೆ ಕೂರುವುದನ್ನು ಕಲಿತರು, ಕೂರುವುದನ್ನು ಕಲಿತ ಮೇಲೆ ಏಳುವುದನ್ನು ಕಲಿತರು. ಕೌನ್ಸಿಲ್ ಚುನಾವಣೆಗಾದರೆ ಒಬ್ಬೊಬ್ಬರೇ ಮರೆಗೆ ಹೋಗಿ, ಗುಟ್ಟಾಗಿ ಚೀಟಿಗೆ ಗುರುತು ಹಾಕಿ ಪೆಟ್ಟಿಗೆಗೆ ಹಾಕುತ್ತಾರೆ. ಹೆಂಡತಿ ಏನು ಹಾಕಿದಳೆಂದು ಗಂಡನಿಗೂ ಗೊತ್ತಾಗುವುದಿಲ್ಲ.

ಕೊನೆಗೆ ಅವರು ನನಗೆ ಒಂದು ಪ್ರಶ್ನೆ ಕೇಳಿದರು. ಆ ಒಂಬತ್ತು ಜನರಲ್ಲಿ ನೀರು ಹೊರುವವರು ಎಷ್ಟು ಮಂದಿ ಎಂದರು. ಆ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ.

ಮಾವ, ಎತ್ತುವುದಿಲ್ಲ ಅಂದಿದ್ದ ಮಾತನ್ನು ಎತ್ತುತ್ತಿದ್ದೇನೆ. ಅವ್ವನ ನೆತ್ತಿಯ ಮೇಲೆ ಬಿಂದಿಗೆಯ ಕೆಳಗಿನ ಸಿಂಬಿ ಕೂರುವ ಜಾಗದಲ್ಲಿ ಕೂದಲಿಲ್ಲ. ಸಣ್ಣವನಿದ್ದಾಗ ಅವಳ ತೊಡೆಯ ಮೇಲೆ ನಿಂತು ಅಲ್ಲಿ ಅಂಗೈ ಇಟ್ಟು ಆಡುತ್ತಿದ್ದೆ. ಎಲ್ಲರ ಅವ್ವಂದಿರಿಗೂ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಪಾಳ್ಯದಿಂದ ಬಂಡೆ ಹತ್ತಿ ಇಳಿದು ನಿಮ್ಮೂರ ಬಾವಿಗೆ ಒಂದೂವರೆ ಮೈಲಿ. ಮೂವತ್ತು ವರ್ಷ. ಆವತ್ತು ಜಗಲಿಯ ಮೇಲೆ ನಾನು ಹೇಳಬೇಕೆಂದಿದ್ದು ಇದು. ಕೋಪದಲ್ಲಿ ಬೇರೆ ಏನೋ ಹೇಳಿಬಿಟ್ಟೆ. ತಪ್ಪಾಯಿತು.

ನಿಮ್ಮ ಅಳಿಯ,
ರಾಮಾಂಜಿನಪ್ಪ

*

ಹೊಂಗೇನಹಳ್ಳಿ
೪ ಸೆಪ್ಟೆಂಬರ್ ೧೯೪೬

ಚಿ. ರಾಮಾಂಜಿನಪ್ಪನಿಗೆ ಮಾವನ ಆಶೀರ್ವಾದ.

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆಯುವ ಮೊದಲು ಏನಾದರೂ ಮಾಡಿರಬೇಕಿತ್ತು. ಈಗ ಕೂತು ನಿಧಾನವಾಗಿ ಓದು.

ನಿನ್ನ ಮನೆಯೊಡತಿಯ ಪ್ರಶ್ನೆ ಓದಿದ ಮೇಲೆ ಬೆರಳು ಮಡಚಿ ಎಣಿಸಿ ನೋಡಿದೆ. ಒಂಬತ್ತರಲ್ಲಿ ಒಬ್ಬನೂ ಒಂದು ಚೊಂಬು ನೀರು ಹೊತ್ತವನಲ್ಲ, ನಾನಂತೂ ಮೊದಲೇ ಅಲ್ಲ. ನೀರು ಹೊರೋರೇ ಹೇಳಲಿ ಅಂತ ತೀರ್ಮಾನ ಮಾಡಿದೆ. ಹೊಂಗೇನಹಳ್ಳಿಯಲ್ಲೂ ಪಾಳ್ಯದಲ್ಲೂ ತಮಟೆ ಹೊಡೆಸಿದೆ: ಗೌರಿಹಬ್ಬಕ್ಕೆ ಮುಂಚಿನ ಸೋಮವಾರ ಮನೆಗೆ ನೀರು ತರುವ ಹೆಂಗಸರೆಲ್ಲ ಒಂದೊಂದು ಒಣ ಅವರೆಕಾಳು ಸೆರಗಿಗೆ ಕಟ್ಟಿಕೊಂಡು ಶಾಲೆಗೆ ಬರತಕ್ಕದ್ದು. ಜಗಲಿಗಲ್ಲ, ಶಾಲೆಗೆ. ಮೆಂಬರುಗಳು ಗೊಣಗಿದರು. ಕಾಲ ಕೆಟ್ಟಿತು ಅಂತ ಒಬ್ಬ ಅಂದ. ಹದಿನೆಂಟು ವರ್ಷದಲ್ಲಿ ಮೊದಲನೆ ಸಲ ನನ್ನ ಎದುರಿಗೆ ಒಬ್ಬ ಮೆಂಬರು ಬಾಯಿ ಬಿಟ್ಟನಲ್ಲ ಅಂತ ನನಗೆ ಸಂತೋಷವೇ ಆಯಿತು.

ಪೆಟ್ಟಿಗೆ ಎಲ್ಲಿಂದ ತರುವುದು? ಅಟ್ಟದ ಮೇಲೆ ನಮ್ಮವ್ವನ ಕಾಲದ ಎರಡು ಹಿತ್ತಾಳೆ ಬಿಂದಿಗೆ ಇದ್ದವು. ಹುಣಸೆಹಣ್ಣು ಹಾಕಿ ಬೆಳಗಿಸಿದೆ. ಬಾಯಿಗೆ ಬಟ್ಟೆ ಕಟ್ಟಿ ಕಾಳು ತೂರುವಷ್ಟು ಕಂಡಿ ಬಿಟ್ಟೆವು. ಒಂದರ ಮುಂದೆ ತುಳಸಿ ದಳ, ಅದು ಗುಡಿಯ ಮುಂದಿನ ಬಾವಿಗೆ. ಇನ್ನೊಂದರ ಮುಂದೆ ಬಂಡೆಕಲ್ಲಿನ ಚೂರು, ಅದು ಪಾಳ್ಯಕ್ಕೆ. ಒಬ್ಬೊಬ್ಬಳೇ ಒಳಗೆ ಹೋಗುವುದು, ಹಾಕುವುದು, ಹಿಂದಿನ ಬಾಗಿಲಿನಿಂದ ಹೊರಡುವುದು. ಗಂಡಸರು ಬೇಲಿಯಾಚೆ.

ಗೆಲ್ಲುವೆ ಅಂತಲೇ ಇದ್ದೆ ನಾನು. ಯಾಕಂದರೆ ನಮ್ಮೂರ ಹೆಂಗಸರೇ ಹೆಚ್ಚು, ಪಾಳ್ಯದವರು ಇಪ್ಪತ್ತೆರಡೇ ಜನ. ನಮ್ಮೂರವರು ನಮ್ಮೂರಿಗೆ ಹಾಕದೆ ಇರುತ್ತಾರಾ?

ನರಸಿಂಹಯ್ಯನವರು ಕಲ್ಲಿನ ಬಿಂದಿಗೆಯನ್ನು ಮೊರಕ್ಕೆ ಸುರಿದು ಎಣಿಸಿದರು. ಎಂಬತ್ತಮೂರು. ತುಳಸಿಯ ಬಿಂದಿಗೆಯನ್ನು ಬೋರಲು ಹಾಕಿದರು. ಟಣ್ ಅಂತ ಒಂದೇ ಒಂದು ಕಾಳು ಬಿತ್ತು.

ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು ಕಣಪ್ಪ. ಆ ಕರ್ನಲ್ಲನನ್ನು ನೆನೆಸಿಕೊಂಡೆ. ಮೀಸೆ ತಿರುವಿ, ಎಂಬತ್ತಮೂರಕ್ಕೆ ಒಂದು, ಬಾವಿ ಬಂಡೆಪಾಳ್ಯಕ್ಕೆ ಅಂತ ಬೇಲಿಯಾಚೆ ಇರುವವರಿಗೂ ಕೇಳುವ ಹಾಗೆ ಹೇಳಿದೆ. ನನ್ನ ಧ್ವನಿ ನಡುಗಲಿಲ್ಲ ಅಂತ ನರಸಿಂಹಯ್ಯನವರು ಆಮೇಲೆ ಹೇಳಿದರು. ಅವರು ಸುಳ್ಳು ಹೇಳುವವರಲ್ಲ, ಆದರೆ ದಾಕ್ಷಿಣ್ಯದವರು.

ಆ ಒಂದು ಕಾಳು ಮುನಿಗಂಗಮ್ಮನದು ಅಂತ ಊರೆಲ್ಲ ಮಾತಾಡಿಕೊಂಡಿತು, ನಾನೂ ಹಾಗೇ ಅಂದುಕೊಂಡೆ. ಮನೆಗೆ ಬಂದು, ನೀನಾದರೂ ನನ್ನ ಕಡೆ ಇದ್ದೆಯಲ್ಲ ಅಂದೆ. ಅವಳು ಒಲೆ ಊದುತ್ತಿದ್ದವಳು ತಿರುಗಿ ನೋಡಿದಳು. “ನಾನು ಹಾಕಿದ್ದು ಕಲ್ಲಿನ ಬಿಂದಿಗೇಗೆ. ಬೇಸಿಗೇಲಿ ಬಾವಿಕಟ್ಟೆ ಹತ್ರ ಒಂದಿನ ಬಂದು ನೋಡಿದ್ದೀರಾ? ಪಾಳ್ಯದವರು ಸಾಲುಗಟ್ಟಿ ನಿಂತಿರ್ತಾರೆ, ನಮ್ಮವರು ಬೈತಿರ್ತಾರೆ, ಜಡೆ ಹಿಡ್ಕೊಂಡು ಹೊಡೆದಾಡ್ತಾರೆ. ಅವರಿಗೊಂದು ಬಾವಿ ಆದ್ರೆ ನಮಗೂ ನೆಮ್ಮದಿ” ಅಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದೆ. ನೀವು ಕೇಳಿದ್ದಿರಾ ಅಂದಳು. ಎಂಬತ್ತಮೂರು ಹೆಂಗಸರಿಗೆ ಗೊತ್ತಿದ್ದ ವಿಷಯ ಒಂಬತ್ತು ಗಂಡಸರ ಜಗಲಿಗೆ ಹದಿನೆಂಟು ವರ್ಷ ಬಂದಿರಲಿಲ್ಲ. ಪುಸ್ತಕದಲ್ಲಿ ಮಾತ್ರ ಸರ್ವಾನುಮತ.

ಹಾಗಾದರೆ ಆ ಕಾಳು ಯಾರದು?

ಮಾರನೆ ದಿನ ಜಾಗ ಗುರುತು ಮಾಡಲು ಬಂಡೆಪಾಳ್ಯಕ್ಕೆ ಹೊರಟೆ. ಗಾಡಿ ಕಟ್ಟಲು ಬಂದರು, ಬೇಡ ಅಂದೆ. ಹೆಂಗಸರು ಬರುವ ದಾರಿಯಲ್ಲೇ ಬಂಡೆ ಹತ್ತಿ ನಡೆದುಕೊಂಡು ಹೋದೆ. ಬರಿಗೈಯಲ್ಲಿ ಹೋದವನಿಗೇ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಜಾಗ ನೋಡಿ ಆದ ಮೇಲೆ ಕಾಲು ತಾನೇ ತಾನಾಗಿ ನಿಮ್ಮ ಮನೆ ಕಡೆ ತಿರುಗಿತು. ನಿನ್ನ ಮೇಲಿನ ಸಿಟ್ಟನ್ನು ಅಕ್ಕನ ಮೇಲೂ ಇಟ್ಟುಕೊಂಡು, ಹೋದ ವರ್ಷದ ಗೌರಿಗೆ ಬಾಗಿನವನ್ನೂ ಕಳಿಸಿರಲಿಲ್ಲ ನಾನು. ನೀನು ಕೇಳಲಿಲ್ಲ, ನಾನು ಬರೆಯಲಿಲ್ಲ, ಇಬ್ಬರಿಗೂ ಗೊತ್ತಿತ್ತು.

ಅಕ್ಕ ಸೊಣ್ಣಮ್ಮ ಬಾಗಿಲಲ್ಲೇ ಕೂತು ಕಾಳು ಆರಿಸುತ್ತಿ‍ದ್ದಳು. ಯಾಕೆ ಇಷ್ಟು ದಿನ ಬರಲಿಲ್ಲ ಅನ್ನಲಿಲ್ಲ. ಬಾ ಅಂದಳು, ಒಳಗೆ ಹೋಗಿ ಮಜ್ಜಿಗೆ ತಂದಳು. ಲೋಟ ಕೊಡುವಾಗ ಬಗ್ಗಿದಳು. ಸೆರಗು ಜಾರಿ, ನೀನು ಬರೆದಿದ್ದ ಆ ನೆತ್ತಿ ಕಂಡಿತು. ಲೋಟವನ್ನು ಕೆಳಗಿಟ್ಟೆ. ಆಗ ಅವಳು ಮೆಲ್ಲಗೆ ಕೇಳಿದಳು:

“ಬಿಂದಿಗೆ ಬರಿದಾಗಿ ಬರಲಿಲ್ಲ ತಾನೆ, ವೆಂಕಟಾ?”

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆದ ಮೇಲೆ, ಅಕ್ಕಾ, ನಿನಗೆ ಬಾವಿ ಬೇಡವಾಗಿತ್ತಾ ಅಂದೆ.

“ಬೇಡ್ದೆ ಏನು? ನಮ್ಮವರೆಲ್ಲ ಕಲ್ಲಿನ ಕಡೆಗೇ ಹಾಕ್ತಾರೆ, ನಿಮ್ಮೂರವರೂ ಹಾಕ್ತಾರೆ ಅಂತ ಬಾವಿಕಟ್ಟೇಲೇ ಮಾತಾಗಿತ್ತು. ನಿನಗೆ ಯಾರೋ ಹಾಕ್ತಾರೆ, ಪೆದ್ದ? ಒಳಗೆ ಹೋಗಿ ನೋಡಿದ್ರೆ ಅವ್ವನ ಬಿಂದಿಗೆ. ತವರಿಗೆ ಬರೀ ಬಿಂದಿಗೆ ಕಳಿಸಕ್ಕಾಗತ್ತಾ?”

ಐವತ್ತೆಂಟು ವರ್ಷದ ಗಂಡಸು, ಪಂಚಾಯಿತಿ ಚೇರ್ಮನ್, ಅವಳ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ ಕಣೋ. ಅಪ್ಪಯ್ಯಣ್ಣ ಬೇಲಿ ಹತ್ತಿರ ನಿಂತಿದ್ದವನು ಮರ್ಯಾದೆಗೆ ಆಕಡೆ ತಿರುಗಿಕೊಂಡ.

ಮೂವತ್ತು ವರ್ಷ ನೀರು ಹೊತ್ತವಳು. ಅವಳು ಒಂದು ಕಾಳನ್ನು ನನಗೆ ಹಾಕಿದ್ದಾಳೆ. ನಿನ್ನ ಮನೆಯೊಡತಿ ದೊಡ್ಡವಳು, ನಿಜ. ಸೋತ ಮೇಲೆ ಚೀಲ ಕೊಟ್ಟು ಬಂದವಳು. ನನ್ನ ಅಕ್ಕ ಗೆಲ್ಲುವ ಮೊದಲೇ ಕೊಟ್ಟಿದ್ದಳು. ಇದನ್ನು ಆಕೆಗೆ ಇಂಗ್ಲಿಷಿನಲ್ಲಿ ಹೇಳು, ನಿನ್ನ ಇಂಗ್ಲಿಷು ಮುಗಿದುಹೋದರೂ ಪರವಾಗಿಲ್ಲ, ಹೇಳು.

ನಮ್ಮಪ್ಪನ ಕಲ್ಲನ್ನು ನಿನ್ನೆ ಗಾಡಿಯ ಮೇಲೆ ಪಾಳ್ಯಕ್ಕೆ ಕಳಿಸಿದೆ. ಅಪ್ಪನ ಹೆಸರು ಮಗಳ ಊರಿನಲ್ಲಿದ್ದರೆ ಏನು ತಪ್ಪು? ಗೌರಿಗೆ ಬಾಗಿನ ಕೊಟ್ಟೆ, ಎರಡು ವರ್ಷದ್ದು ಸೇರಿಸಿ. ತಪ್ಪಾಯಿತು ಅಂತ ನೀನು ಬರೆದಿದ್ದೀಯೆ. ಅದನ್ನು ನಾನು ನಿನಗೆ ಬರೆಯಬೇಕಿತ್ತು. ಈಗ ಬರೆದಿದ್ದೇನೆ ಅಂದುಕೋ. ಪಂಪಿನ ಕೆಲಸ ಕಲಿತು ಬಾ. ಬಾವಿ ಆಳ ಆಗುತ್ತದೆ, ಅಕ್ಕನಿಗೆ ಹಗ್ಗ ಎಳೆಯಲು ಇನ್ನು ತೋಳು ಸಾಲದು.

ಆ ಕಾಳನ್ನು ಈ ಲಕೋಟೆಯಲ್ಲಿಟ್ಟು ನಿನಗೆ ಕಳಿಸೋಣ ಅಂದುಕೊಂಡಿದ್ದೆ. ಮನಸ್ಸು ಬರಲಿಲ್ಲ. ಅವ್ವನ ಬಿಂದಿಗೆಯೊಳಕ್ಕೇ ಹಾಕಿ ಅಟ್ಟದ ಮೇಲಿಟ್ಟಿದ್ದೇನೆ.

ಇಂತಿ,
ಒಂದು ಕಾಳಿನ ಚೇರ್ಮನ್,
ನಿನ್ನ ಮಾವ ವೆಂಕಟರಾಯಪ್ಪ